ಅಪ್ಪನ ಬಿಳಿ ತಲೆ

ಹದಿನೈದು ದಿನಕ್ಕೊಂದು ಭಾನುವಾರ ರಾತ್ರಿ ನಮ್ಮ ಹಿತ್ತಲಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಎಲ್ಲರದೂ ಊಟ ಆದ ಮೇಲೆ ಅಪ್ಪ ಅಂಗಿ ಬಿಚ್ಚಿ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದ. ಅವ್ವ ಸಕ್ಕರೆ ತಂದಿದ್ದ ಪ್ಲಾಸ್ಟಿಕ್ ಕವರನ್ನು ಬಲಗೈಗೆ ತೊಟ್ಟು, ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳುತ್ತಿದ್ದಳು. ಅಂಗಡಿಯಿಂದ ತಂದ ಡೈ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಹರಿದು, ಹಳೇ ಡಬ್ಬಿಯ ಮುಚ್ಚಳದಲ್ಲಿ ಪುಡಿ ಸುರಿದು, ನೀರು ಬಿಟ್ಟು ಕಲಸುತ್ತಿದ್ದಳು. ಬ್ರಶ್ಶು ನಾನು ಹಲ್ಲುಜ್ಜಿ ಬಿಸಾಕಿದ್ದು. ಮೊಬೈಲಿನ ಬೆಳಕು ಹಿಡಿಯುವುದು ನನ್ನ ಪಾಲಿನ ಕೆಲಸ.

‘ಇಂದ್ಗಡೆ ಸರಿಯಾಗ್ ಬುಡಮ್ಮಿ, ಮೇಸ್ತ್ರಿ ಇಂದ್ಗಡೆಯಿಂದ್ಲೇ ನೋಡದು’ ಅಂತ ಅಪ್ಪ.

‘ಸುಮ್ನೆ ಕೂತ್ಕೊ, ಕಿವಿಗೆ ಮೆತ್ಕತದೆ’ ಅಂತ ಅವ್ವ.

ಅಪ್ಪನಿಗೆ ಡೈ ಶೋಕಿಯಲ್ಲ. ಬೆಳಗ್ಗೆ ಆರೂವರೆಗೆ ಕೂಲಿಗೆ ಜನ ಕೂಡುವ ಜಾಗದಲ್ಲಿ ಅಪ್ಪ ನಿಂತಿರುತ್ತಾನೆ. ಒಂದು ದಿನ ಕಬ್ಬು ಕಡಿಯುವುದು, ಒಂದು ದಿನ ಗದ್ದೆ ಬದು ಕಟ್ಟುವುದು, ಒಂದು ದಿನ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ, ಇನ್ನೊಂದು ದಿನ ಯಾರದೋ ಮನೆ ತಾರಸಿಗೆ ಕಾಂಕ್ರೀಟು ಹೊರುವುದು. ಮೇಸ್ತ್ರಿ ಗೂಡ್ಸ್ ಆಟೋ ನಿಲ್ಲಿಸಿ ಇಳಿಯುವುದೂ ಇಲ್ಲ. ಕೂತಲ್ಲಿಂದಲೇ ಬೆರಳು ತೋರಿಸುತ್ತಾನೆ: ನೀನು ಬಾ, ನೀನು ಬಾ. ಬಿಳಿ ತಲೆಯ ಮೇಲೆ ಆ ಬೆರಳು ನಿಲ್ಲುವುದಿಲ್ಲ. ಅಪ್ಪನ ತೋಳು ಇವತ್ತಿಗೂ ಐವತ್ತು ಕೆ.ಜಿ. ಮೂಟೆ ಎತ್ತುತ್ತದೆ. ಆದರೆ ತೋಳನ್ನು ನೋಡುವವರು ಯಾರು? ತಲೆ ನೋಡುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದಂತೆ. ಹದಿನೈದು ದಿನಕ್ಕೆ ಅರ್ಧ. ಆ ಅರ್ಧ ಸೆಂಟಿಮೀಟರ್ ಬಿಳುಪು ಬೈತಲೆಯಲ್ಲಿ ಇಣುಕಿದರೆ ನಮ್ಮ ಮನೆಗೆ ಒಂದು ದಿನದ ಕೂಲಿ ಖೋತಾ.

ನಾನು ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲೂ ಡೈ ಬಗ್ಗೆ ಮಾತು ಬರುತ್ತಿತ್ತು. ಅದು ಬೇರೆ ತರಹದ ಮಾತು. ಒಬ್ಬನಿಗೆ ಮುಂದಲೆ ಕಂದು ಬಣ್ಣಕ್ಕೆ ತಿರುಗಬೇಕು, ಇನ್ನೊಬ್ಬನಿಗೆ ತುದಿ ಮಾತ್ರ ಕೆಂಪಗಾಗಬೇಕು. ಮನೇಲಿ ಹಚ್ಚಿಕೊಳ್ಳುವುದು ಒಳ್ಳೆಯದೋ ಸಲೂನಿಗೆ ಹೋಗುವುದು ಒಳ್ಳೆಯದೋ ಅಂತ ರಾತ್ರಿ ಹನ್ನೊಂದರವರೆಗೆ ವಾದ. ಮನೇಲಾದರೆ ಖರ್ಚು ಕಮ್ಮಿ, ಆದರೆ ಬಚ್ಚಲೆಲ್ಲ ಕಪ್ಪು. ಸಲೂನಿನಲ್ಲಿ ಅಂದವಾಗಿ ಮಾಡ್ತಾರೆ, ಆದರೆ ಜೇಬು ಖಾಲಿ. ನಾನೂ ದೊಡ್ಡ ತಿಳಿವಳಿಕೆಯವನ ಹಾಗೆ ಹೇಳಿದ್ದೆ: ‘ನಮ್ಮ ತಲೆ ಹಿಂಭಾಗ ನಮಗೆ ಕಾಣಲ್ಲ ಕಣ್ರೋ. ಅಲ್ಲಿಗೆ ಇನ್ನೊಬ್ಬರ ಕೈ ಬೇಕೇ ಬೇಕು.’

ಎಲ್ಲರೂ ಒಪ್ಪಿದರು. ಯಾರ ಕೈ ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಕಳೆದ ದಸರಾದಲ್ಲಿ ಹೊಳೆಯಿತು. ಶ್ರೀರಂಗಪಟ್ಟಣ ದಸರಾದ ಜಂಬೂ ಸವಾರಿ ಹೊರಡುವುದು ನಮ್ಮ ಕಿರಂಗೂರಿನ ಬನ್ನಿಮಂಟಪದಿಂದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರುಮಾಡಿದರು ಎಂದು ನಾನು ಪುಸ್ತಕದಲ್ಲಿ ಓದಿದ್ದೇನೆ. ಅಪ್ಪನಿಗೆ ಇಸವಿ ಬೇಡ, ಆನೆ ಸಾಕು. ಆನೆ ನೋಡಲು ಹೊರಡುವ ಹಿಂದಿನ ರಾತ್ರಿ ಅವ್ವನ ಕೈಲಿ ಡೈ ಹಾಕಿಸಿಕೊಂಡ. ‘ಚೆನ್ನಾಗ್ ಹತ್ಲಿ’ ಅಂತ ಒಂದು ಗಂಟೆ ಹಾಗೇ ಬಿಟ್ಟ. ಬೆಳಗ್ಗೆ ಎದ್ದರೆ ಕಿವಿಯ ಹಿಂದೆ ನೀರುಗುಳ್ಳೆ, ಹಣೆ ಕೆಂಪು. ಮಧ್ಯಾಹ್ನದ ಹೊತ್ತಿಗೆ ಎರಡು ಕಣ್ಣೂ ಊದಿ ಮುಚ್ಚಿಹೋದವು. ಅತ್ತ ಬನ್ನಿಮಂಟಪದ ಕಡೆಯಿಂದ ನಗಾರಿ, ವಾಲಗದ ಸದ್ದು. ಇತ್ತ ಅಪ್ಪ ಆಟೋದಲ್ಲಿ ನನ್ನ ಭುಜ ಹಿಡಿದುಕೊಂಡು ಆಸ್ಪತ್ರೆಗೆ.

ಡಾಕ್ಟರಮ್ಮ ಸಮಾಧಾನವಾಗಿ ತಿಳಿಸಿ ಹೇಳಿದರು. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಪೂರ್ತಿ ಹೆಸರು ಪ್ಯಾರಾಫಿನೈಲೀನ್ ಡಯಮೀನ್. ಕೂದಲೊಳಕ್ಕೆ ನುಗ್ಗುವಾಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಒಳಗೆ ಹೋದ ಮೇಲೆ ಆಮ್ಲಜನಕದ ಜೊತೆ ಸೇರಿ ಕಪ್ಪಾಗಿ, ದಪ್ಪವಾಗಿ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ತೊಳೆದರೂ ಹೋಗುವುದಿಲ್ಲ. ಕೆಲವರ ಚರ್ಮ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಹಚ್ಚಿದರೂ ಏನೂ ಆಗದೆ, ಒಂದು ದಿನ ಹೀಗೆ ಸಿಡಿಯುತ್ತದೆ. ಒಮ್ಮೆ ಹೀಗಾದವರು ಮತ್ತೆ ಅದನ್ನು ಮುಟ್ಟಕೂಡದು, ಮುಂದಿನ ಸಲ ಇನ್ನೂ ಜೋರಾಗಬಹುದು. ‘ಹಚ್ಚೋ ಮುಂಚೆ ಕಿವಿ ಹಿಂದೆಯೋ ಮೊಣಕೈ ಒಳಗೋ ಒಂದು ಚೂರು ಹಚ್ಚಿ, ಎರಡು ದಿನ ಕಾಯಬೇಕು ಅಂತ ಪ್ಯಾಕೆಟ್ ಮೇಲೆ ಬರೆದಿರ್ತಾರಲ್ಲ?’ ಎಂದು ಕೇಳಿದರು.

ಬರೆದಿರುತ್ತಾರೆ. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ. ಮನೆಯಲ್ಲಿ ಓದು ಬಲ್ಲವನು ನಾನೊಬ್ಬನೇ. ಕೈಯಲ್ಲಿ ಬೆಳಕು ಹಿಡಿದು ನಿಂತಿದ್ದವನೂ ನಾನೇ. ಪದವಿ ಪಡೆದ ಮಗ ಆ ಪ್ಯಾಕೆಟ್ಟಿನ ಮೇಲೆ ಬೆಳಕು ಬಿಟ್ಟು ನೋಡಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ವಾರ ಕಳೆಯಿತು, ಊತ ಇಳಿಯಿತು. ಆಗ ನಾನು ಅಪ್ಪನಿಗೆ ಹೇಳಿದೆ: ‘ಇನ್ನು ಮನೇಲಿ ಬೇಡ. ನನಗೆ ಈಗ ಸಂಬಳ ಬರ್ತದೆ. ಪೇಟೆ ಸಲೂನಿಗೆ ಹೋಗೋಣ. ಪಿಪಿಡಿ ಇಲ್ಲದ ಬಣ್ಣ ಇದೆಯಾ ಕೇಳೋಣ. ಇಲ್ಲಾಂದ್ರೆ ಒಳ್ಳೇ ಕಟಿಂಗ್ ಮಾಡಿಸ್ಕೊಂಡು ಬರೋಣ.’

‘ಬ್ಯಾಡ ಕನ್ಲಾ ಮಗ.’

‘ದುಡ್ಡು ನಾನು ಕೊಡ್ತೀನಿ.’

‘ದುಡ್ಡಿನ್ ಮಾತಲ್ಲ ಬುಡ್ಲಾ.’

ನನಗೆ ಸಿಟ್ಟು ಬಂತು. ಇಷ್ಟು ವರ್ಷ ನಾನು ಅಪ್ಪನದು ಜಿಪುಣತನ ಅಂತಲೇ ತಿಳಿದಿದ್ದೆ. ನಮ್ಮ ಕೇರಿಯಲ್ಲೇ ಕತ್ತರಿ ಹಿಡಿಯಲು ಬರುವ ಒಬ್ಬ ಚಿಕ್ಕಪ್ಪನ ಕೈಲಿ ಅಪ್ಪ ತಲೆ ಕೊಟ್ಟು ಕೂರುತ್ತಿದ್ದುದನ್ನು ಕಂಡಿದ್ದೆ. ಬಿಟ್ಟಿ ಆಗ್ತದಲ್ಲ ಅದಕ್ಕೆ ಅಂದುಕೊಂಡಿದ್ದೆ. ಅವತ್ತು ರಾತ್ರಿ ಅದೇ ಕಲ್ಲಿನ ಮೇಲೆ ಕೂತು ಅಪ್ಪ ಮೊದಲ ಸಲ ಬಾಯಿ ಬಿಟ್ಟ.

ಅಪ್ಪ ಹುಟ್ಟಿ ಬೆಳೆದದ್ದು ಇಲ್ಲಲ್ಲ, ನಾಲೆಯಾಚೆ ದೂರದ ಇನ್ನೊಂದು ಊರಲ್ಲಿ. ಅಲ್ಲಿ ಕ್ಷೌರದವರು ಸೋಮವಾರ ಅರಳಿಮರದ ಕೆಳಗೆ ಚೀಲ ಬಿಚ್ಚುತ್ತಿದ್ದರು. ನಮ್ಮವರು ಆ ನೆರಳಿಗೆ ಹೋಗುವ ಹಾಗಿರಲಿಲ್ಲ. ಅಪ್ಪನಿಗೆ ಹದಿನಾರಿರಬಹುದು, ಆ ಊರಿಗೆ ಮೊದಲ ಸಲೂನು ಬಂತು. ಎದುರೊಂದು ಕನ್ನಡಿ, ಹಿಂದೊಂದು ಕನ್ನಡಿ, ನಡುವೆ ತಿರುಗುವ ಕುರ್ಚಿ. ಅಪ್ಪ ಕೂಲಿ ದುಡ್ಡು ಮುಷ್ಟಿಯಲ್ಲಿಟ್ಟುಕೊಂಡು ಹೋಗಿ ಬಾಗಿಲಲ್ಲಿ ನಿಂತ. ಒಳಗಿದ್ದವನು ‘ಬ್ಲೇಡು ಮುಗ್ದದೆ’ ಅಂದ. ಮಾರನೇ ದಿನ ಹೋದ. ‘ಬೀಗ ಹಾಕ್ತಾ ಇವ್ನಿ’ ಅಂದ. ಮೂರನೇ ದಿನ ಬರೇ ಮುಖ ನೋಡಿದ. ಮಾತಿನ ಅಗತ್ಯವೂ ಉಳಿದಿರಲಿಲ್ಲ.

ಅಪ್ಪ ಛಲ ಬಿಡದೆ ಪೇಟೆಗೆ ನಡೆದ. ಪೇಟೆಯಲ್ಲಿ ಯಾರು ಯಾರನ್ನು ಕೇಳುತ್ತಾರೆ? ಕುರ್ಚಿಯ ಮೇಲೆ ಕೂರಿಸಿದರು. ಬಿಳಿ ಬಟ್ಟೆ ಕತ್ತಿಗೆ ಸುತ್ತಿದರು. ನೀರು ಚಿಮುಕಿಸಿದರು. ‘ಅಷ್ಟು ತಣ್ಣಗಿತ್ತು ಕನ್ಲಾ ಆ ನೀರು’ ಅಂದ ಅಪ್ಪ. ಒಂದು ಪಕ್ಕ ಕತ್ತರಿ ಆಡಿತ್ತು. ಆಗ ಬೆಂಚಿನ ಮೇಲೆ ಪೇಪರು ಓದುತ್ತಿದ್ದವನು ತಲೆಯೆತ್ತಿ, ‘ಯಾವೂರ್ಲಾ? ಯಾರ್ ಪೈಕಿ ನೀನು?’ ಅಂದ. ಅಪ್ಪ ಊರ ಹೆಸರು ಹೇಳಿದ. ತನ್ನ ಅಪ್ಪನ ಹೆಸರು ಹೇಳಿದ. ಕತ್ತರಿ ನಿಂತಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಕತ್ತರಿಯ ಸದ್ದು ನಿಂತಿತು, ಅಷ್ಟೆ. ಕನ್ನಡಿಯಲ್ಲಿ ಎಲ್ಲರ ಮುಖವೂ ಕಾಣುತ್ತಿತ್ತು. ಅಪ್ಪ ತಾನೇ ಬಟ್ಟೆ ಬಿಚ್ಚಿಟ್ಟು, ದುಡ್ಡನ್ನೂ ಇಟ್ಟು, ಅರ್ಧ ತಲೆಯಲ್ಲಿ ಎದ್ದು ಬಂದ. ಉಳಿದರ್ಧವನ್ನು ನನ್ನ ಅಜ್ಜಿ ರಾತ್ರಿ ದೀಪ ಹಿಡಿದು ಕತ್ತರಿಸಿದಳಂತೆ.

‘ಅವತ್ತಿಂದ ಮನೇಲೇ ಆಯ್ತದೆ ಅಂತ ಮನಸ್ಗೆ ಹೇಳ್ಬುಟ್ಟೆ’ ಅಂದ ಅಪ್ಪ.

ಗೆಳೆಯರೇ, ಈ ‘ಮನೇಲೇ ಆಯ್ತದೆ’ ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಕೇಳಿಸಿಕೊಂಡಿದ್ದೇವೆ! ನಮ್ಮ ಮನೆಗಳಲ್ಲಿ ಹೋಟೆಲಿಗೆ ಯಾಕೆ, ಮನೇಲೇ ಆಯ್ತದೆ. ಛತ್ರ ಯಾಕೆ, ಮನೇಲೇ ಆಯ್ತದೆ. ಇದು ಮಿತವ್ಯಯ ಎಂದು ನಾನು ಕಾಲೇಜಿನಲ್ಲಿ ಪ್ರಬಂಧವನ್ನೇ ಬರೆದುಬಿಡುತ್ತಿದ್ದೆ. ಬಾಗಿಲು ಮುಚ್ಚಿಸಿಕೊಂಡವನು ಮರ್ಯಾದೆ ಉಳಿಸಿಕೊಳ್ಳಲು ಹುಡುಕಿದ ಮಾತು ಅದು.

ಬಾಬಾಸಾಹೇಬರು ತಮ್ಮ ಬಾಲ್ಯದ ನೆನಪನ್ನು ‘ವೆಯ್ಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಹೇಳಿದ್ದಾರೆ. ಸತಾರಾದಲ್ಲಿ ಕ್ಷೌರಿಕರಿಗೆ ಬರವಿರಲಿಲ್ಲ, ಅವರ ಮನೆಯವರಿಗೆ ಕೊಡಲು ಹಣವೂ ಇತ್ತು. ಆದರೂ ಹುಡುಗರ ತಲೆಗೂದಲು ಕತ್ತರಿಸುತ್ತಿದ್ದವಳು ಅವರ ಅಕ್ಕ. ಅಸ್ಪೃಶ್ಯರ ಹುಡುಗನ ತಲೆ ಮುಟ್ಟಲು ಯಾವ ಕ್ಷೌರಿಕನೂ ಒಪ್ಪುತ್ತಿರಲಿಲ್ಲ. ತಮ್ಮಂದಿರ ತಲೆಯ ಮೇಲೇ ಕಲಿತು ಕಲಿತು ಆ ಅಕ್ಕ ನುರಿತಳಂತೆ. ಮುಂದೆ ಈ ದೇಶದ ಸಂವಿಧಾನ ಹೊತ್ತ ತಲೆ ಅದು. ನನ್ನ ಅಜ್ಜಿ ದೀಪ ಹಿಡಿದದ್ದೂ, ಅವ್ವ ಕೈಗೆ ಕವರು ಕಟ್ಟಿದ್ದೂ ಆ ಅಕ್ಕನ ಸಾಲಿನಲ್ಲೇ.

ಆ ಹುಡುಗ ಬೆಳೆದು ಸಂವಿಧಾನ ಸಭೆಯಲ್ಲಿ ನಿಂತ. 1948ರ ನವೆಂಬರ್ 29. ಅಂಗಡಿ, ಹೋಟೆಲುಗಳಿಗೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದು ಎಂಬ ವಿಧಿಯ ಚರ್ಚೆ, ಇವತ್ತಿನ 15ನೇ ವಿಧಿ. ಮದ್ರಾಸ್ ಪ್ರಾಂತ್ಯದಿಂದ ಬಂದ ಎಸ್. ನಾಗಪ್ಪ ಎಂಬ ಸದಸ್ಯರು ಕೇಳಿದರು: ಈ ‘ಅಂಗಡಿ’ ಎಂಬ ಮಾತಿನಲ್ಲಿ ಬಟ್ಟೆ ಒಗೆಯುವ ಲಾಂಡ್ರಿ, ಕ್ಷೌರದ ಸಲೂನು ಸೇರುತ್ತವೆಯೇ? ಅಂಬೇಡ್ಕರರ ಉತ್ತರದ ತಿರುಳು ಇದು: ಸೇರುತ್ತವೆ, ಸೇವೆ ಬೇಡಿ ಬಂದವರಿಗೆ ಸೇವೆ ಕೊಡಲು ತೆರೆದಿಟ್ಟ ಜಾಗವೆಲ್ಲ ಅಂಗಡಿಯೇ, ಒಳಗೆ ಕಾಲಿಡಲು ಬಿಟ್ಟರೆ ಸಾಲದು, ಸೇವೆಯನ್ನೂ ಕೊಡಬೇಕು. ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಯನ್ನು, ಅಂದರೆ ಇವತ್ತಿನ 17ನೇ ವಿಧಿಯನ್ನು, ಸಭೆ ಒಪ್ಪಿದ್ದೂ ಅದೇ ದಿನ. ದೇಶದ ಕಾನೂನು ಬರೆಯುವ ಸಭೆಯಲ್ಲಿ ಸಲೂನಿನ ಪ್ರಶ್ನೆ ಬಂದದ್ದು ಸಣ್ಣ ಮಾತಲ್ಲ. ಕೇಳಿದವರಿಗೂ ಉತ್ತರ ಕೊಟ್ಟವರಿಗೂ ಅರ್ಧ ತಲೆಯ ಅವಮಾನ ಏನು ಅಂತ ಗೊತ್ತಿತ್ತು.

1955ರಲ್ಲಿ ಕಾಯ್ದೆಯೂ ಬಂತು. 1976ರಲ್ಲಿ ಅದು ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅದರ 6ನೇ ಕಲಮಿನ ಪ್ರಕಾರ ಅಪರಾಧ. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಅಪ್ಪ ಅರ್ಧ ತಲೆಯಲ್ಲಿ ಎದ್ದು ಬಂದ ಕಾಲಕ್ಕೆ 6ನೇ ಕಲಮು ಜಾರಿಯಲ್ಲೇ ಇತ್ತು. ಆ ಸಲೂನಿನಲ್ಲಿ ಪೇಪರು ಓದಬಲ್ಲವರು ಇದ್ದರು, ಕಾನೂನು ಓದಿದವರು ಇರಲಿಲ್ಲ.

ಅದೆಲ್ಲ ಅಪ್ಪನ ಕಾಲದ್ದು, ಈಗೆಲ್ಲಿದೆ ಎನ್ನುವವರಿಗೆ ಎರಡು ಸುದ್ದಿ ನೆನಪು ಮಾಡುತ್ತೇನೆ. 2020ರ ನವೆಂಬರಿನಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಒಂದು ವರದಿ ಬಂತು. ದಲಿತರ ಕೂದಲು ಕತ್ತರಿಸಿದ ತಪ್ಪಿಗೆ ಒಬ್ಬ ಕ್ಷೌರಿಕನಿಗೆ ಐವತ್ತು ಸಾವಿರ ರೂಪಾಯಿ ದಂಡ, ಕುಟುಂಬಕ್ಕೆ ಬಹಿಷ್ಕಾರ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆಂದು ಹೋದ ದಲಿತ ಯುವಕನೊಬ್ಬ ಅಂಗಡಿಯಲ್ಲಿ ನಡೆದ ಜಗಳದಲ್ಲಿ ಇರಿತಕ್ಕೊಳಗಾಗಿ ಸತ್ತ. ಅವನ ವಯಸ್ಸು ಹೆಚ್ಚುಕಮ್ಮಿ ನನ್ನದೇ. ಆ ಸುದ್ದಿ ಓದಿದ ರಾತ್ರಿ ನಾನು ಕವಿತೆ ಬರೆಯಲು ಕೂತು, ಒಂದು ಸಾಲೂ ಬಾರದೆ ಎದ್ದೆ.

ಈ ಎರಡು ಸುದ್ದಿಗಳನ್ನು ಜೊತೆಗಿಟ್ಟು ನೋಡಬೇಕು. ಒಂದರಲ್ಲಿ ಕತ್ತರಿ ಹಿಡಿದ ಕೈಯ ಮೇಲೆ ಕೊಲೆಯ ಆರೋಪ ಬಂತು. ಇನ್ನೊಂದರಲ್ಲಿ ಕತ್ತರಿ ಹಿಡಿದ ಕೈ ನಮ್ಮ ತಲೆ ಮುಟ್ಟಿದ್ದಕ್ಕೇ ದಂಡ ತೆರಬೇಕಾಯಿತು. ಕ್ಷೌರಿಕನನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಹಳೆಯ ಆಯದ ಪದ್ಧತಿ ನೆನೆಸಿಕೊಳ್ಳಿ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು, ಗೌಡರು ಮೊರದಲ್ಲಿ ಹಾಕಿದಷ್ಟು ಭತ್ತ ಇಸಕೊಂಡು ಹೋಗುವವರಲ್ಲಿ ತೋಟಿಯೂ ಇದ್ದ, ಕ್ಷೌರಿಕನೂ ಇದ್ದ. ಮದುವೆಯಲ್ಲಿ ನಾವು ತಮಟೆ ಹೊಡೆದೆವು, ಅವರು ವಾಲಗ ಊದಿದರು. ಪಂಕ್ತಿಯಲ್ಲಿ ಕೂರುವ ಹೊತ್ತಿಗೆ ಇಬ್ಬರೂ ಹೊರಗೆ. ಬೆಳಗ್ಗೆ ಎದುರಾದರೆ ಅಪಶಕುನ ಅನ್ನಿಸಿಕೊಂಡವರು ಅವರು. ಅವರ ಕುಲದ ಹೆಸರನ್ನೇ ಬೈಗುಳ ಮಾಡಿದ್ದಾರೆ. ಇಷ್ಟಾದ ಮೇಲೂ ಅವರಿಗಿಂತ ಕೆಳಗೆ ನಾವಿದ್ದೇವೆ ಎಂಬ ಒಂದೇ ಸಮಾಧಾನವನ್ನು ವ್ಯವಸ್ಥೆ ಅವರಿಗೆ ಕೊಟ್ಟಿದೆ. ಆ ಸಮಾಧಾನವನ್ನು ಬಿಟ್ಟುಕೊಟ್ಟವನಿಗೆ ಐವತ್ತು ಸಾವಿರ ದಂಡ.

ಇನ್ನೊಂದು ವಿಷಯ ಓದಿ ತಿಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಒಂದು ಗ್ರಂಥ ಹೊರತಂದಿತು. ಮನೆಯಲ್ಲಿ ತನ್ನ ತಲೆಗೆ ತಾನು ಬಣ್ಣ ಹಚ್ಚಿಕೊಳ್ಳುವವರಿಗೆ ಕ್ಯಾನ್ಸರ್ ಬರುತ್ತದೆ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದಿತು. ಆದರೆ ಕ್ಷೌರಿಕರು, ಕೇಶಾಲಂಕಾರ ಮಾಡುವವರು ದಿನವಿಡೀ ಆ ರಾಸಾಯನಿಕಗಳ ನಡುವೆ ದುಡಿಯುವುದು ಬಹುಶಃ ಕ್ಯಾನ್ಸರ್‌ಕಾರಕ ಎಂದು ಗುರುತಿಸಿತು. ಅಂದರೆ ಸಲೂನಿನ ಕಪ್ಪು ಕೂದಲಿನ ಬೆಲೆಯನ್ನು ಕುರ್ಚಿಯ ಮೇಲೆ ಕೂತವನು ಹಣದಲ್ಲಿ ಕೊಟ್ಟರೆ, ಹಿಂದೆ ನಿಂತವನು ಮೈಯಲ್ಲಿ ಕೊಡುತ್ತಾನೆ. ಅವ್ವನ ಬೆರಳಿನ ಸಂದಿಯಲ್ಲೂ ಎಷ್ಟೋ ಸಲ ಕವರು ಹರಿದು, ಕಪ್ಪು ಇಳಿದು, ತುರಿಕೆ ಎದ್ದದ್ದುಂಟು. ಅವ್ವನ ಕೈ, ಆ ಕೈ, ಎರಡೂ ದುಡಿಯುವ ಕೈ. ಒಂದು ನಮ್ಮ ತಲೆಯನ್ನು ಪ್ರೀತಿಯಿಂದ ಮುಟ್ಟಿತು. ಇನ್ನೊಂದು ಮುಟ್ಟದಂತೆ ಅದನ್ನು ಕಟ್ಟಿಹಾಕಲಾಯಿತು.

ಇಷ್ಟನ್ನೆಲ್ಲ ಅಪ್ಪನಿಗೆ ಹೇಳಿದೆ. ಸಂವಿಧಾನ ಸಭೆಯ ಕತೆಯನ್ನು ಎರಡು ಸಲ ಹೇಳಿಸಿಕೊಂಡ. ‘ಸಲೂನು ಅಂತ್ಲೇ ಕೇಳುದ್ರಾ?’ ಅಂದ. ‘ಹೂಂ, ಸಲೂನು ಅಂತಲೇ.’ ಸುಮ್ಮನಾದ. ಮುಂದಿನ ಭಾನುವಾರ ತಾನಾಗಿಯೇ ಒಗೆದ ಅಂಗಿ ತೊಟ್ಟು ನಿಂತಿದ್ದ.

ಪೇಟೆಯ ಒಂದು ಸಣ್ಣ ಸಲೂನು. ಕತ್ತರಿ ಹಿಡಿದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅಪ್ಪ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತ. ಹುಡುಗ ಬಟ್ಟೆ ಹೊದಿಸಿ, ಕೂದಲಲ್ಲಿ ಬೆರಳಾಡಿಸಿ, ‘ಡೈ ಹಾಕ್ಲಾ ಯಜಮಾನ್ರೆ?’ ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಅಂದ: ‘ಬ್ಯಾಡ ಕಣಪ್ಪ, ನಂಗೆ ಆಗಕ್ಕಿಲ್ಲ. ಇರೋ ಬಣ್ಣ ಇರ್ಲಿ. ಕಟಿಂಗ್ ಮಾಡು.’

ಕತ್ತರಿ ಆಡತೊಡಗಿತು. ಸ್ವಲ್ಪ ಹೊತ್ತಿಗೆ ಹುಡುಗ ಮಾತಿಗೆ ಮಾತು ಎಂಬಂತೆ ಕೇಳಿದ: ‘ಯಾವೂರು ನಿಮ್ದು?’

ಕನ್ನಡಿಯಲ್ಲಿ ಅಪ್ಪನ ಗಂಟಲು ಏರಿ ಇಳಿದದ್ದು ಕಂಡೆ. ಬೆಂಚಿನ ಮೇಲೆ ಇನ್ನಿಬ್ಬರು ಕಾದು ಕೂತಿದ್ದರು. ಅಪ್ಪ ಕನ್ನಡಿಯಲ್ಲೇ ಆ ಹುಡುಗನ ಮುಖ ನೋಡಿ, ಕೇಳಿದ್ದಕ್ಕಿಂತ ಹೆಚ್ಚು ಹೇಳಿದ: ‘ಕಿರಂಗೂರು. ಕೇರಿಯೋರು ನಾವು.’

ಒಂದು ಕ್ಷಣ. ನನ್ನ ಕಿವಿ ಕತ್ತರಿಯ ಸದ್ದಿಗೇ ಕಾದಿತ್ತು.

‘ತಲೆ ಒಂಚೂರು ಮುಂದಕ್ ಬಗ್ಸಿ, ಇಂದ್ಗಡೆ ಸರಿ ಮಾಡ್ತೀನಿ’ ಅಂದ ಹುಡುಗ. ಕತ್ತರಿ ನಿಲ್ಲಲಿಲ್ಲ.

ದುಡ್ಡು ಕೊಟ್ಟು ಹೊರಬಂದೆವು. ಅಪ್ಪ ಏನೂ ಮಾತಾಡಲಿಲ್ಲ. ಬಸ್ಸಿನ ಕಿಟಕಿಯ ಗಾಜಿನಲ್ಲಿ ಎರಡು ಸಲ ತಲೆ ನೋಡಿಕೊಂಡ. ಮನೆಗೆ ಬಂದ ಮೇಲೆ ಅವ್ವನ ಮುಂದೆ ಬೆನ್ನು ಹಾಕಿ ನಿಂತು, ‘ಇಂದ್ಗಡೆ ಎಂಗದೆ ನೋಡು’ ಅಂದ.

ಇಲ್ಲಿಗೆ ನಿಲ್ಲಿಸಿದರೆ ಕತೆ ಸುಖಾಂತ. ಆದರೆ ಮಾರನೇ ದಿನ ಸೋಮವಾರ. ಚೆಂದದ ಕಟಿಂಗಿನ ಬಿಳಿ ತಲೆ ಹೊತ್ತು ಅಪ್ಪ ಆರೂವರೆಗೆ ಹೋಗಿ ನಿಂತ. ಮೇಸ್ತ್ರಿಯ ಬೆರಳು ದಾಟಿಹೋಯಿತು. ಮಂಗಳವಾರವೂ ದಾಟಿತು. ಅವ್ವ ಬೇಲಿಯ ಗೋರಂಟಿ ಸೊಪ್ಪು ಅರೆದು ಹಚ್ಚುತ್ತೇನೆ ಅಂದಳು. ‘ಕೆಂಪು ತಲೆ ಕಂಡ್ರೆ ಕರ್ದಾನಾ?’ ಅಂತ ಅಪ್ಪ ನಕ್ಕ. ಗೋರಂಟಿಯ ಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಿದರೆ ಕಪ್ಪಾಗುತ್ತದೆ ಎಂದು ಓದಿದ್ದೇನೆ. ಡಾಕ್ಟರಮ್ಮನನ್ನು ಕೇಳಿ, ಈ ಸಲ ಚೀಟಿಯ ಸಣ್ಣ ಅಕ್ಷರವನ್ನೆಲ್ಲ ಓದಿ, ಮೊಣಕೈಗೆ ಹಚ್ಚಿ ಎರಡು ದಿನ ಕಾದು ನೋಡಬೇಕು. ಹಚ್ಚುವುದಾದರೆ ಹಿತ್ತಲಲ್ಲೋ ಸಲೂನಿನಲ್ಲೋ ಎಂಬುದನ್ನು ಅಪ್ಪನೇ ಹೇಳಲಿ. ಅವನು ಮನೆಯೆಂದರೆ ಮನೆ. ಅವ್ವನ ಕೈಯ ಹಿತ ಯಾವ ಸಲೂನಿಗೂ ಬಾರದು. ಆದರೆ ಈಗ ಆ ಕುರ್ಚಿಯಲ್ಲಿ ಕೂತು ಎದ್ದು ಬಂದವನಾಗಿ ಅವನು ಆ ಮಾತು ಹೇಳುತ್ತಾನೆ.

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದು ಕೇಳಿಕೆ. 15ನೇ ವಿಧಿಯ ಪಾಠ ಬಂದಾಗ 1948ರ ನವೆಂಬರ್ 29ರ ಆ ಪ್ರಶ್ನೆಯನ್ನೂ ಮಕ್ಕಳಿಗೆ ಹೇಳಿ. ಆಮೇಲೆ, ನಿಮ್ಮೂರಿನ ಸಲೂನಿನ ಮುಂದೆ ಹಾದು ಹೋಗುವಾಗ ಒಳಗೆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ಯಾರು ಯಾವತ್ತೂ ಕೂತಿಲ್ಲ ಎಂದು ಒಮ್ಮೆ ತಿರುಗಿ ನೋಡಿ. ನಿಮ್ಮ ತರಗತಿಯಲ್ಲೂ ಅಂಥ ಮಕ್ಕಳಿರುತ್ತಾರೆ, ತಲೆಯ ಹಿಂಭಾಗ ಏರುಪೇರಾಗಿ ಕತ್ತರಿಸಿದವರು. ನಗಬೇಡಿ. ಅದನ್ನು ರಾತ್ರಿ ದೀಪ ಹಿಡಿದು ಅವರ ಅವ್ವನೋ ಅಕ್ಕನೋ ಕತ್ತರಿಸಿರುತ್ತಾಳೆ.